ನಾನು ಕತ್ತರಿಸಿದ ಎರಡು ವರ್ಷ

ಕೆಟ್ಟದ್ದು ಮಾಡಿ ನಾನು ಸಿಕ್ಕಿಬಿದ್ದದ್ದು ಕಡಿಮೆ; ಧೈರ್ಯ ಸಾಲದ್ದರಿಂದ ಕೆಟ್ಟದ್ದು ಮಾಡಿದ್ದೇ ಕಡಿಮೆ. ಒಳ್ಳೆಯದು ಮಾಡಲು ಹೋಗಿ ಸಿಕ್ಕಿಬಿದ್ದದ್ದಕ್ಕೆ ಮಾತ್ರ ಮಿತಿಯಿಲ್ಲ. ಗಜೇಂದ್ರಗಡದಲ್ಲಿ ಮಾಸ್ತರಿಕೆ ಮಾಡುತ್ತ ನಲವತ್ತೆಂಟು ಮುಟ್ಟಿದ, ಹೆಂಡತಿಯನ್ನು ಕಳೆದುಕೊಂಡು ಒಂದೇ ಕೋಣೆಯಲ್ಲಿ ಸ್ಟೋವಿನ ಜತೆ ಮಾತಾಡಿಕೊಂಡಿರುವ ನನ್ನಂಥವನಿಗೆ ದಿನಕ್ಕೆ ನಾಲ್ಕಾರು ಚಿಂತೆ ಅನ್ನದಷ್ಟೇ ಅವಶ್ಯ. ಅವನ್ನು ಹಂಚಿಕೊಳ್ಳಲು ಒಬ್ಬನಿದ್ದ, ಈರಣ್ಣ. ನನ್ನ ಹಳೆಯ ವಿದ್ಯಾರ್ಥಿ, ಸೀರೆ ನೇಯುವವರ ಮಗ. ಸಂಜೆ ಮಗ್ಗದಿಂದೆದ್ದು ಬಂದು, ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ನನ್ನ ಚಹವನ್ನು ಮುಖ ಕಿವುಚದೆ ಕುಡಿಯುತ್ತಿದ್ದ ಏಕೈಕ ಮನುಷ್ಯ.

ಅವನು ಶಾಸನಸಭೆಯ ಚುನಾವಣೆಗೆ ನಿಂತ. ನೇಕಾರರಿಗೆ ನೂಲು ಸಿಗುತ್ತಿಲ್ಲವೆಂದು ಅಲ್ಲಿ ಹೇಳುವವರಿಲ್ಲ, ನಾನೇ ಹೇಳುತ್ತೇನೆ ಎಂದ. ನಾನು ಕೂಡಲೇ ಚಿಂತೆಗೆ ಕೂತೆ: ಇವನು ಗೆದ್ದು ಬೆಂಗಳೂರು ಸೇರಿದರೆ ನನ್ನ ಸಂಜೆಗಳ ಗತಿಯೇನು? ಊರವರ ಚಿಂತೆ ಬೇರೆ, ಅವನ ಎಳೆ ಮುಖದ್ದು. ಮತ ಕೇಳಲು ಹೋದರೆ ಅಸೂಟಿ ಹಳ್ಳಿಯ ಹಿರಿಯರು ಅವನಿಗೆ ಬೆಲ್ಲ, ನೀರು ಕೊಟ್ಟು, "ಚಲೋ ಆತ್ ತಮ್ಮಾ, ಮತದ ಮಾತಾಡಾಕ ನಿಮ್ಮಪ್ಪ ಯಾವಾಗ ಬರ್ತಾನ?" ಎಂದು ಕೇಳಿದರಂತೆ. ಪುರ್ತಗೇರಿಯ ಅಜ್ಜಿಯೊಬ್ಬಳು, ಮತ ಆಮೇಲೆ, ಮೊದಲು ಮದುವೆಯಾಗು ಎಂದು ತನ್ನ ಮೊಮ್ಮಗಳ ಸುದ್ದಿ ತೆಗೆದಳಂತೆ. ಮೀಸೆ ಬಿಟ್ಟರೆ ಜನ ನಂಬಿಯಾರೆಂದು ನಾನೇ ಸಲಹೆ ಕೊಟ್ಟೆ. ಬಿಟ್ಟ. ಅದು ಆ ಮುಖದ ಮೇಲೆ ಎರವಲು ತಂದದ್ದರಂತೆ ಕಂಡಿತು.

ಮೀಸೆಯನ್ನಾದರೂ ಬೆಳೆಸಬಹುದು, ವಯಸ್ಸನ್ನು? ನಾಮಪತ್ರಗಳ ಪರಿಶೀಲನೆಗೆ ಮೂರು ದಿನವಿದ್ದಾಗ, ಎದುರಾಳಿಯ ಕಡೆಯವರು ಶಾಲೆಯ ದಾಖಲೆಯ ನಕಲು ತೆಗೆಸಿದ್ದಾರೆಂದು ಗೊತ್ತಾಯಿತು. ಅಭ್ಯರ್ಥಿಗೆ ಇಪ್ಪತ್ತೈದು ತುಂಬಿರಬೇಕು. ದಾಖಲೆಯಲ್ಲಿ ಈರಣ್ಣನಿಗೆ ಇಪ್ಪತ್ನಾಲ್ಕು. ಖರೇ ವಯಸ್ಸು ಇಪ್ಪತ್ತಾರು. ನನಗೆ ಹೇಗೆ ಗೊತ್ತೆಂದರೆ, ನಡುವಿನ ಎರಡು ವರ್ಷ ಕತ್ತರಿಸಿದವನು ನಾನೇ. ಆಗ ಹುಟ್ಟಿದ ದಿನವನ್ನು ಬರೆದಿಟ್ಟುಕೊಂಡವರು ಯಾರು? ಅಪ್ಪ ಮಗನನ್ನು ಶಾಲೆಗೆ ತಂದು ನಿಲ್ಲಿಸಿ ಏಳು ತುಂಬಿದೆ ಎನ್ನುವುದು, ನಾವು ಐದು ಎಂದು ಬರೆಯುವುದು. ಮುಂದೆ ಸರಕಾರಿ ನೌಕರಿ ಸಿಕ್ಕರೆ ಎರಡು ವರ್ಷ ಹೆಚ್ಚಿಗೆ ಸಂಬಳ ಉಣ್ಣಲಿ ಎಂಬುದು ಮಾಸ್ತರರ ಆಶೀರ್ವಾದ. ಮಗ್ಗದ ಮನೆಯ ಮಗ ಶಾಸನಸಭೆಗೆ ಹೊರಟಾನೆಂದು ಯಾರಿಗೆ ಹೊಳೆದೀತು?

"ನಿಮ್ಮನ್ನ ಬಿಟ್ರ ಹೇಳಾವರು ಯಾರೂ ಇಲ್ರಿ ಮಾಸ್ತರ," ಎಂದ ಈರಣ್ಣ.

ಬಂದು ಹೇಳುತ್ತೇನೆ ಎಂದೆ. ಮೂರು ಸಂಜೆಯೂ ಎಂದೆ. ಸುಳ್ಳು ದಾಖಲೆ ಬರೆದವನ ನೌಕರಿ ಏನಾದೀತು, ಪಿಂಚಣಿ ಏನಾದೀತು ಎಂದೂ ಮೂರು ಸಂಜೆ ಹೇಳಿದೆ. ಅವನು ಪತ್ರಿಕೆ ಮಡಚಿಟ್ಟು ಎರಡನ್ನೂ ಕೇಳಿಸಿಕೊಂಡ.

ಪರಿಶೀಲನೆಯ ದಿನ ರೋಣದ ಚುನಾವಣಾ ಕಚೇರಿಯಲ್ಲಿ ನಾನು ಬಾಗಿಲ ಪಕ್ಕ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ಎದುರಾಳಿಯ ವಕೀಲರು ನಕಲನ್ನು ಮೇಜಿನ ಮೇಲಿಟ್ಟರು. ಅಧಿಕಾರಿ ಒಳ್ಳೆಯ ಮನುಷ್ಯ; ದಾಖಲೆ ತಪ್ಪಿದ್ದರೆ ಬರೆದ ಮಾಸ್ತರರೇ ಬಂದು ಹೇಳಲಿ, ಕೇಳುತ್ತೇನೆ ಎಂದರು. ನಾನು ಗಂಟಲು ಸರಿಮಾಡಿಕೊಳ್ಳತೊಡಗಿದೆ. ನನ್ನಲ್ಲಿ ಅದು ಬಹಳ ಹೊತ್ತು ಹಿಡಿಯುವ ಕೆಲಸ. ಈರಣ್ಣ ತಿರುಗಿ ನೋಡಿದ. ನನ್ನ ಮುಖದಲ್ಲಿ ಏನು ಓದಿಕೊಂಡನೋ, ಮತ್ತೆ ಮೇಜಿನ ಕಡೆ ತಿರುಗಿ ಮೆಲ್ಲಗೆ ಹೇಳಿದ:

"ಆ ಮಾಸ್ತರು ತೀರಿಕೊಂಡಾರ್ರಿ, ಸಾಹೇಬ್ರ."

ಅಧಿಕಾರಿ ಸತ್ತವರ ಮರ್ಯಾದೆಗಾಗಿ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನಾಮಪತ್ರ ತಿರಸ್ಕರಿಸಿದರು. ಬದುಕಿದ್ದೇನೆ ಎನ್ನಲು ಎರಡು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು. ತನ್ನ ಸಾವಿನ ಸುದ್ದಿ ಕೇಳಿ ಅಷ್ಟು ಹಗುರಾದ ಮನುಷ್ಯ ಈ ತಾಲೂಕಿನಲ್ಲಿ ಮತ್ತೊಬ್ಬನಿರಲಾರ.

ಅಂದಿನಿಂದ ಈರಣ್ಣ ನನ್ನ ಕೋಣೆಗೆ ಬಂದಿಲ್ಲ. ಬಜಾರಿನಲ್ಲಿ ಎದುರಾದರೆ ಕೈಮುಗಿಯುತ್ತಾನೆ, ತೀರಿಹೋದ ಹಿರಿಯರಿಗೆ ಮುಗಿಯುವಷ್ಟೇ ಭಕ್ತಿಯಿಂದ. ನಾನೂ ಅವರಂತೆಯೇ ಮರುಮಾತಾಡದೆ ದಾಟಿಹೋಗುತ್ತೇನೆ. ನೌಕರಿ ಭದ್ರವಾಗಿದೆ. ಐವತ್ತೈದಕ್ಕೆ ಸಿಗುವ ಪಿಂಚಣಿಗೆ ಇನ್ನು ಏಳು ವರ್ಷ, ಬದುಕಿದ್ದರೆ ತೆಗೆದುಕೊಳ್ಳಬೇಕು.