ಸಾಲು ಕಂಡಲ್ಲಿ ನಮ್ಮ ಮಾವ

ದೇಶದ ಚರಿತ್ರೆಯನ್ನು ನಮ್ಮ ಸೋದರಮಾವನಷ್ಟು ಹತ್ತಿರದಿಂದ ಕಂಡವರಿಲ್ಲ. ಅವರಷ್ಟು ಕಡಿಮೆ ಅರ್ಥ ಮಾಡಿಕೊಂಡವರೂ ಇಲ್ಲ! ಎಲ್ಲಿ ನಾಲ್ಕು ಜನ ಒಬ್ಬರ ಹಿಂದೊಬ್ಬರು ನಿಂತರೂ ಐದನೆಯವರು ಇವರೇ. ಯಾತಕ್ಕೆ ಎಂದು ಕೇಳುವ ಅಭ್ಯಾಸವಿಲ್ಲ. ಸಿದ್ದಾಪುರದವರಲ್ಲವೇ, ಅಶೋಕ ಚಕ್ರವರ್ತಿ ಅಲ್ಲಿನ ಬಂಡೆಯ ಮೇಲೆ ಶಾಸನ ಕೆತ್ತಿಸುವಾಗ ಇದ್ದಿದ್ದರೆ ಕಲ್ಲುಕುಟಿಗನ ಹಿಂದೆಯೂ ಕೈಚೀಲ ಹಿಡಿದು ನಿಲ್ಲುತ್ತಿದ್ದರು.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಕ್ಕರೆ ತರಲು ಮೊಳಕಾಲ್ಮೂರಿಗೆ ಹೋದವರು ಉದ್ದನೆಯ ಸಾಲೊಂದನ್ನು ಕಂಡು ಸೇರಿಕೊಂಡರು. ಅದು ಸಂತಾನಹರಣ ಶಿಬಿರ! ಮೀಸೆ ಚಿಗುರುತ್ತಿದ್ದ ಇವರನ್ನು ಕಾಂಪೌಂಡರ್ ದಿಟ್ಟಿಸಿದ.

"ಮಕ್ಕಳೆಷ್ಟಲೇ?"

"ಮದುವೇನೇ ಆಗಿಲ್ಲ ಸಾ."

"ಮತ್ಯಾಕೆ ಬಂದೆ?"

"ಎಲ್ರೂ ನಿಂತಿದ್ರು, ನಾನೂ ನಿಂತೆ."

ಆತ ಕೇಳದೇ ಇದ್ದಿದ್ದರೆ ಮುಂದೆ ಇವರನ್ನು ಕಟ್ಟಿಕೊಂಡ ನಮ್ಮ ಅತ್ತೆಯ ಗತಿ ಏನಾಗುತ್ತಿತ್ತು?

ನೋಟು ರದ್ದಾದಾಗ ಒಂದೂ ಹಳೆ ನೋಟಿಲ್ಲದೆ ಬ್ಯಾಂಕಿನ ಮುಂದೆ ಇಡೀ ದಿನ ನಿಂತರು. ಕೊರೊನಾ ಕಾಲದಲ್ಲಿ ಲಸಿಕೆ ಹಾಕಿಸಿಕೊಂಡ ಮರುದಿನವೇ ಮತ್ತೆ ಅದೇ ಸಾಲಿನಲ್ಲಿ ಹಾಜರು! ಇವರ ತಲೆಯಲ್ಲಿ ಮೆದುಳಿದೆಯೋ, ಅದೂ ಎಲ್ಲೋ ಸಾಲಿನಲ್ಲಿ ನಿಂತಿದೆಯೋ?

ಈಚೆಗೆ ಅವರ ಮಂಡಿಗಳು ಸವೆದಿವೆ. ಹೀಗೇ ನಿಲ್ಲುತ್ತಿದ್ದರೆ ನಡೆಯುವುದೇ ನಿಂತೀತು ಎಂದು ಚಳ್ಳಕೆರೆಯ ಡಾಕ್ಟರು ಎಚ್ಚರಿಸಿದ್ದಾರೆ. ಕಳೆದ ವಾರ ನಾನು ಸಿದ್ದಾಪುರಕ್ಕೆ ಹೋದಾಗ ಅತ್ತೆ, "ರೇಷನ್ ಅಂಗಡಿ ತಾವ ಅವ್ರೆ, ಎಳ್ಕೊಂಡು ಬಾರಪ್ಪ" ಎಂದು ಕಳಿಸಿದರು. ಹೋದೆ. ಮಾವ ಸಾಲಿನ ನಡುವೆ ಗೋಡೆ ಹಿಡಿದು ನಿಂತಿದ್ದರು. ನನಗೆ ರೇಗಿತು.

"ಮಾವ, ನಿಮ್ಮನೆ ಅಕ್ಕಿ ನಿನ್ನೇನೇ ಬಂದೈತೆ. ಇಲ್ಲೇನ್ ಮಾಡ್ತಿದೀರಿ? ಹಾಸ್ಗೆ ಹಿಡೀಬೇಕು ಅಂತಾನಾ?"

ಅವರು ಮುಂದಿನವನ ಬೆನ್ನಿನಿಂದ ಕಣ್ಣು ತೆಗೆಯಲಿಲ್ಲ.

"ಸಣ್ಣೋನಿದ್ದಾಗ ಬರಗಾಲದಾಗೆ ಅವ್ವ ರೇಷನ್ ಕೆಂಪು ಜೋಳ ತರಾಕೆ ಕಳ್ಸಿದ್ಲು ಕಣಲೇ. ಬಿಸ್ಲು ಅಂತ ಸಾಲು ಬಿಟ್ಟು ಬೇವಿನ ಮರದಡಿ ಕುಂತೆ. ವಾಪಸ್ ಬರೋ ಹೊತ್ಗೆ ಜೋಳ ಮುಗ್ದಿತ್ತು. ಮನೇಲಿದ್ದ ಒಂದು ರೊಟ್ಟಿ ನಂಗೇ ಕೊಟ್ಟು, 'ನಾನು ಉಂಡೀನಿ' ಅಂದ್ಲು." ಗೋಡೆ ಹಿಡಿದೇ ಒಂದು ಹೆಜ್ಜೆ ಮುಂದಿಟ್ಟು ಹೇಳಿದರು, "ಉಂಡಿರ್ಲಿಲ್ಲ."

ಬೈಯಲು ಇನ್ನೂ ಬೇಕಾದಷ್ಟಿತ್ತು. ಅದನ್ನು ಅಲ್ಲಿಗೇ ಬಿಟ್ಟೆ. ಎದುರಿನ ಹೋಟೆಲಿನಿಂದ ಒಂದು ಕುರ್ಚಿ ಕೇಳಿ ತಂದು ಅವರನ್ನು ಸಾಲಿನಲ್ಲೇ ಕೂರಿಸಿದೆ. ಸಾಲು ಸರಿದಾಗಲೆಲ್ಲ ಮಾವ ನನ್ನ ಹೆಗಲು ಹಿಡಿದು ಏಳುತ್ತಿದ್ದರು, ನಾನು ಕುರ್ಚಿಯನ್ನು ಒಂದು ಹೆಜ್ಜೆ ಮುಂದಕ್ಕೆ ಇಡುತ್ತಿದ್ದೆ.