ಗೋಕಾಕದಲ್ಲಿ ಗಾಲ್ಫ್ ಸಾಮಾನು

ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಅಂಗಡಿಯವನು ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಬಾಗಿಲ ಹಲಗೆ ತೆಗೆಯುವ ಹೊತ್ತಿಗೆ ಅವೇ ಬಂದು ಕಟ್ಟೆಯ ಮೇಲೆ ಕೂತಿರುತ್ತವೆ. ಗೋಕಾಕದ ಪೇಟೆಯಲ್ಲಿ ನಮ್ಮ ಕಾಕಾನದೊಂದು ಅಂಗಡಿ ಇತ್ತು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ, ಮದುವೆಯೂ ಆದಮೇಲೆ ನಾನು ಅಲ್ಲಿ ಕೂತವನು ಮೂವತ್ತು ವರ್ಷ ಏಳಲಿಲ್ಲ. ಕಾಕಾನದು ಒಂದೇ ಹಟ. ಬಂದ ಗಿರಾಕಿಗೆ ‘ಇಲ್ಲ’ ಅನ್ನಬಾರದು. ಸೂಜಿ, ದಾರ, ಎತ್ತಿನ ಗೆಜ್ಜೆ, ಏನು ಕೇಳಿದರೂ ಇದು ನಡೆಯಿತು. ನೂಲಿನ ಗಿರಣಿಯ ಬಿಳಿ ಸಾಹೇಬರೊಬ್ಬರು ಬಂದ ದಿನ ಮಾತ್ರ ತೊಡಕಿಗೆ ಬಂತು.

೧. ಗಲೀಫು

ಸಾಹೇಬರಿಗೆ ಕನ್ನಡ ಬಾರದು, ನಮಗೆ ಇಂಗ್ಲಿಷ್ ಬಾರದು. ನಡುವೆ ಅವರ ಬಟ್ಲರ್.

“ಸಾಹೇಬ್ರಿಗೆ ಗಾಲ್ಫಿಂದು ಬೇಕಂತ್ರಿ” ಅಂದ.

ಕಾಕಾನ ಮುಖ ಅರಳಿತು. “ಅಷ್ಟ ಹೌದಲ್ಲೊ! ಗಲೀಫು ನಮ್ಮಲ್ಲಿ ಬೇಕಾದಷ್ಟು ಅದಾವು” ಅಂತ ದಿಂಬಿಗೆ ಹಾಕುವ ಗಲೀಫುಗಳ ಗಂಟನ್ನೇ ಬಿಚ್ಚಿ ಹರವಿದ. ಕೆಂಪು, ಹಸಿರು, ಜರಿಯಂಚಿನವು. ಸಾಹೇಬರು ಒಂದನ್ನು ಎತ್ತಿ ಒಳಗೆ ಇಣುಕಿದರು, ತಿರುವಿ ಮತ್ತೆ ಇಣುಕಿದರು, ಆಮೇಲೆ ಬಟ್ಲರನ ಕಿವಿಯಲ್ಲಿ ಏನೋ ಅಂದರು.

“ಇದರಾಗ ಚೆಂಡು ಎಲ್ಲಿ ಅಂತ ಕೇಳಾಕತ್ತಾರ್ರಿ.”

ಕಾಕಾ ಒಂದು ಕ್ಷಣವೂ ತಡವರಿಸಲಿಲ್ಲ. “ಚೆಂಡುಹೂವೇನು? ಹೇಳಿದ್ರ ಎರಡ ದಿನದಾಗ ಕಸೂತಿ ಹಾಕಿಸಿ ಕೊಡ್ತೇನಿ. ಮೂಲಿಗೊಂದು ಬೇಕೋ, ನಟ್ಟ ನಡುವ ಒಂದ ಸಾಕೋ, ಅಷ್ಟು ಕೇಳು!”

೨. ಎರಡು ಕ್ಲಬ್ಬು

ಗಾಲ್ಫು ಅಂದರೆ ಚೆಂಡನ್ನು ಕೋಲಿನಿಂದ ಹೊಡೆದು, ಅದರ ಹಿಂದೆ ಮೈಲುಗಟ್ಟಲೆ ನಡೆದು, ಕೊನೆಗೆ ಒಂದು ತೂತಿಗೆ ಕೆಡವುವ ಆಟ ಎಂದು ಬಟ್ಲರ್ ತಿಳಿಸಿ ಹೇಳಿದ. ಬೆಳಗಾವಿಯಿಂದ ತರಿಸಿಕೊಡುತ್ತೇನೆಂದು ಕಾಕಾ ಒಪ್ಪಿಕೊಂಡ. ಸಾಹೇಬರು ಇಂಗ್ಲಿಷಿನಲ್ಲಿ ಚೀಟಿ ಬರೆದುಕೊಟ್ಟರು.

ಅದನ್ನು ಓದಿಸಲು ಹುಕ್ಕೇರಿಯ ವಕೀಲರೊಬ್ಬರು ಸಿಕ್ಕರು. ಕನ್ನಡಕ ಏರಿಸಿ, “ಚೆಂಡು ಒಂದು ಡಜನ್. ಕ್ಲಬ್ಬು ಎರಡು” ಅಂದವರು ಅಲ್ಲೇ ನಿಂತುಬಿಟ್ಟರು.

“ಕ್ಲಬ್ಬು ಅಂದ್ರ ಏನ್ರಿ?” ನಾನು ಕೇಳಿದೆ.

“ಸಾಹೇಬ್ರು ಸಂಜೀಕ ಕೂತು ಇಸ್ಪೀಟು ಆಡೋ ಬಂಗ್ಲೆ, ತಮ್ಮಾ. ಒಂದಾದ್ರ ಹೆಂಗರೆ ಆಗ್ತಿತ್ತು. ಎರಡು ಬಂಗ್ಲೆ ಮೋಟಾರದಾಗ ಹೆಂಗ ಹೇರಿಕೊಂಡು ಬರ್ತಿ?”

ಆದದ್ದಾಗಲಿ ಎಂದು ಮೋಟಾರು ಹತ್ತಿದೆ. ಬೆಳಗಾವಿಯ ಪೇಟೆಯಲ್ಲಿ ಚೀಟಿ ತೋರಿಸದ ಅಂಗಡಿ ಉಳಿಯಲಿಲ್ಲ. ಒಬ್ಬ ಅಂಗಡಿಯವನು, ತಾಲೀಮಿನ ಪೈಲವಾನರು ತಿರುಗಿಸುವ ಮರದ ಗದೆ ತೋರಿಸಿದ. ಇನ್ನೊಬ್ಬ ಚೀಟಿಯನ್ನು ಔಷಧದ್ದೆಂದು ತಿಳಿದು, ದಿನಕ್ಕೆ ಎಷ್ಟು ಸಲ ಕುಡಿಯಬೇಕು ಅಂತ ನನ್ನನ್ನೇ ಕೇಳಿದ. ಕಡೆಗೆ ದಂಡಿನವರ ಕ್ಯಾಂಪಿನ ಹತ್ತಿರ, ಕುದುರೆಯ ಜೀನು ಹೊಲಿಯುವ ಮುದುಕನ ಅಂಗಡಿಯಲ್ಲಿ ದಾರಿ ಸಿಕ್ಕಿತು. ವಿಲಾಯತಿಗೆ ಮರಳುವ ಸಾಹೇಬರು ತಮ್ಮ ಕೋಲು, ಚೆಂಡುಗಳನ್ನೆಲ್ಲ ಅವನಿಗೇ ಮಾರಿ ಹೋಗುತ್ತಿದ್ದರಂತೆ. ಕ್ಲಬ್ಬು ಅಂದರೆ ಆ ಕೋಲೇ ಎಂದು ಅವನೇ ಹೇಳಿದ. ನನಗೆ ಹೋದ ಜೀವ ಬಂತು. ಕಾಕಾ ಖುಷಿಪಡಲಿ ಎಂದು ಎರಡರ ಬದಲು ಆರು ತಗೊಂಡೆ.

ತಿರುಗಿ ಬರುವಾಗ ಮೋಟಾರು ಕಿಕ್ಕಿರಿದಿತ್ತು. ಕಂಡಕ್ಟರ್ ನನ್ನ ಗಂಟಿನಿಂದ ಹೊರಚಾಚಿದ ಕಬ್ಬಿಣದ ಮೂತಿಗಳನ್ನು ನೋಡಿ ಮೆಲ್ಲಗೆ ಕೇಳಿದ. “ಯಾವ ಊರಾಗ್ರಿ ಜಗಳಾ?”

“ಜಗಳಾ ಅಲ್ಲೋ, ಆಟ.”

“ಹೌದ್ರಿ, ನಮ್ಮೂರಾಗೂ ಮೊದಲ ಹಂಗ ಅಂತಾರ” ಅಂದ. ಅಷ್ಟು ಕೇಳಿದ್ದೇ ತಡ, ಬಾಜೂಕಿದ್ದ ಮೂವರು ಎದ್ದು ಹಿಂದೆ ಹೋದರು. ಗೋಕಾಕದವರೆಗೆ ನಾನು ಕಾಲು ಚಾಚಿ ಮಲಗಿಕೊಂಡು ಬಂದೆ.

೩. ಕಚ್ಚಿದವರು

ಆಡಿ ಆಡಿ ಚೆಂಡುಗಳ ಬಣ್ಣ ಹೋಯಿತು. ಬಿಳಿ ಬಣ್ಣ ಹಚ್ಚಿಸಿ ಕೊಡಿರೆಂದು ಸಾಹೇಬರು ಕಳಿಸಿದರು. ಗೋಕಾಕದಲ್ಲಿ ಬಣ್ಣಕ್ಕೇನು ಬರ! ಕಟ್ಟಿಗೆಯ ಹಣ್ಣು, ಗೊಂಬೆ ಮಾಡುವ ಚಿತ್ರಗಾರನೊಬ್ಬ ನಮ್ಮ ಓಣಿಯಲ್ಲೇ ಇದ್ದ. ಅವನಿಗೆ ಒಯ್ದು ಕೊಟ್ಟೆ.

“ಬರೇ ಬಿಳೀದೇನ್ರಿ?” ಅವನಿಗೆ ಅವಮಾನವಾಯಿತು. “ನಾ ಏನು ಗ್ವಾಡಿಗೆ ಸುಣ್ಣಾ ಹಚ್ಚಾಂವ?” ಆಮೇಲೆ ಚೆಂಡಿನ ಮೈಮೇಲಿನ ಸಣ್ಣ ಸಣ್ಣ ಕುಳಿಗಳನ್ನು ಬೆರಳಿನಿಂದ ಸವರಿ ನೋಡಿ, “ಇರಲಿ ಬಿಡ್ರಿ” ಅಂದ.

ನಾಲ್ಕು ದಿನಕ್ಕೆ ಅವನೇ ಬುಟ್ಟಿಯನ್ನು ಬಂಗಲೆಗೆ ಮುಟ್ಟಿಸಿ ಬಂದ. ಮರುದಿನ ಸಾಹೇಬರು ನಮ್ಮ ಅಂಗಡಿಗೆ ಬಂದರು. ಮುಖ ಕೆಂಪಗೆ, ಮಾತೇ ಹೊರಡದು. ಕಾಕಾ ಗಾಬರಿಯಾಗಿ ಎದ್ದು ನಿಂತ. ನೋಡಿದರೆ ಅವರು ನಗು ತಡೆಯಲಾರದೆ ಹಾಗಾಗಿದ್ದರು. ಕಿಸೆಯಿಂದ ಒಂದು ಕಿತ್ತಳೆ ಹಣ್ಣು ತೆಗೆದು ಮೇಜಿನ ಮೇಲಿಟ್ಟರು. ಅದು ಪುಟಿಯಿತು!

ಬಟ್ಲರ್ ತಲೆ ತಗ್ಗಿಸಿ ಹೇಳಿದ. “ನಾನ ಮೋಸ ಹೋದೆ ನೋಡ್ರಿ. ಎಲಿ, ತೊಟ್ಟು ಎಲ್ಲಾ ಇತ್ತು. ತಾಟಿನಾಗ ಜೋಡಿಸಿಟ್ಟೆ. ಊಟಕ್ಕ ಬಂದಿದ್ದ ಡಾಕ್ಟರ್ ಸಾಹೇಬ್ರು ಒಂದು ಕಚ್ಚಿಬಿಟ್ರು.” ಕಿತ್ತಳೆಯ ಮೇಲೆ ಎರಡು ಹಲ್ಲಿನ ಗುರುತು ಚೆನ್ನಾಗಿ ಮೂಡಿತ್ತು.

ಚಿತ್ರಗಾರನಿಗೆ ಬೈದು ಬುದ್ಧಿ ಹೇಳಲು ಹೋದೆ. ಪೂರ್ತಿ ಕೇಳುವ ಮೊದಲೇ ಅವನ ಕೈಯಲ್ಲಿದ್ದ ಕುಂಚ ಕೆಳಗೆ ಬಿತ್ತು.

“ಖರೇನ ಕಚ್ಚಿದ್ರು?”

“ಖರೇನ.”

ಅವನ ಕಣ್ಣು ತುಂಬಿಬಂತು. “ಅಪ್ಪನ ಕಾಲದಿಂದ ಹಣ್ಣ ಮಾಡಾಕತ್ತೇವ್ರಿ. ಎಲ್ಲಾರೂ ಭಾಳ ಚಂದ ಐತಿ ಅಂತ ಕಪಾಟದಾಗ ಇಡತಾರ. ಕಚ್ಚಿದ ಪುಣ್ಯಾತ್ಮ ಇವರೊಬ್ಬರ ನೋಡ್ರಿ!”

೪. ಕಾವು

ಆಮೇಲೆ ಯುದ್ಧ ಬಂತು. ವಿಲಾಯತಿಯ ಸಾಮಾನು ನಿಂತಿತು. ಬೆಳಗಾವಿಯ ಜೀನಿನ ಮುದುಕನ ಕಪಾಟೂ ಖಾಲಿಯಾಯಿತು. ಸಾಹೇಬರ ಹತ್ತಿರ ಉಳಿದದ್ದು ಎರಡೇ ಬಿಳಿ ಚೆಂಡು. ಭಾನುವಾರ ಬೆಳಗಾವಿಯ ಸಾಹೇಬರ ಜೊತೆ ಪಂದ್ಯ. ಶನಿವಾರ ಮುಂಜಾನೆ ಕೈ ಪಳಗಿಸಿಕೊಳ್ಳಲು ಹೋಗಿ ಆ ಎರಡನ್ನೂ ಬೇಲಿಯಾಚೆ ಹೊಡೆದುಬಿಟ್ಟರು. ಹುಡುಕಿಕೊಡಿರೆಂದು ಬಟ್ಲರ್ ಓಡಿಬಂದ. ಇದು ಅಂಗಡಿಯ ಮರ್ಯಾದೆಯ ಪ್ರಶ್ನೆಯೆಂದು ಕಾಕಾ ಧೋತರ ಎತ್ತಿ ಕಟ್ಟಿ ಹೊರಟ. ನಾನೂ ಹಿಂದೆ ಹೋದೆ.

ಬೇಲಿಯಾಚೆ ಮೂಡಲಗಿ ಕಡೆಯ ಒಬ್ಬ ಅಜ್ಜಿಯ ಗುಡಿಸಲು.

“ಯವ್ವಾ, ಬೆಳ್ಳನ್ನ ಚೆಂಡು ಇಲ್ಲೆಲ್ಲೆರೆ ಬಿದ್ದಾವೇನ?” ಕಾಕಾ ಕೇಳಿದ.

“ಚೆಂಡು ಗಿಂಡು ಏನಿಲ್ಲಪಾ. ಎರಡು ತತ್ತಿ ಸಿಕ್ಕಾವು. ಕೋಳಿ ಕೆಳಗ ಇಟ್ಟೇನಿ.”

ಮೂಲೆಯಲ್ಲಿ ಕೆಂಪು ಕೋಳಿಯೊಂದು ಗಂಭೀರವಾಗಿ ಕಾವಿಗೆ ಕೂತಿತ್ತು. ಬಟ್ಲರ್ ಕೈ ಹಾಕಿದ. ಅದು ಕುಕ್ಕಿತು. ಅವನು ಬೆರಳು ಬಾಯಲ್ಲಿಟ್ಟುಕೊಂಡು ಹಿಂದೆ ಸರಿದ.

“ಯವ್ವಾ, ಅವು ತತ್ತಿ ಅಲ್ಲ. ಸಾಹೇಬ್ರವು” ಅಂದ ಕಾಕಾ.

“ಸಾಹೇಬ್ರವು ಅಂತ ಗೊತ್ತಾಗಿನ ಇಟ್ಟೇನಿ. ಬಂಗ್ಲೆದಾಗಿನ ಕೋಳಿ ನಾ ನೋಡಿಲ್ಲೇನು? ಭಾರೀ ತಳಿ ಅವು!”

ಅಷ್ಟರಲ್ಲಿ ಸಾಹೇಬರೇ ಬಂದು ಬಾಗಿಲಲ್ಲಿ ನಿಂತರು. ಕಾಕಾ ಕೈಮುಗಿದ. “ಯವ್ವಾ, ನಾಳೆ ಅವರಿಗೆ ಬೇಕಬೇಕು.”

“ನಾಳೇನ? ಮರಿ ಆಗಾಕ ಇಪ್ಪತ್ತೊಂದು ದಿನಾ ಹಿಡಿತಾವು. ಅಷ್ಟು ಅವಸರ ಇದ್ರ ತಾವ ಕೂತು ಕಾವು ಕೊಡಲಿ!”

ಸಾಹೇಬರು ಬಟ್ಲರನ ಕಡೆ ತಿರುಗಿ, ಅಜ್ಜಿ ಏನಂತಾಳೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಟ್ಲರ್ ಕಾಕಾನನ್ನು ನೋಡಿದ. ಕಾಕಾ ಗುಡಿಸಲಿನ ಸೂರು ನೋಡಿದ. ಕಡೆಗೆ ಬಟ್ಲರ್ ಧೈರ್ಯ ಮಾಡಿ, ಬಗ್ಗಿ, ಒಂದೇ ಮಾತು ಅಂದ. ‘ಕೂಡ್ರಿ ಅಂತಾಳ’ ಎಂದು ಹೇಳಿದ್ದಾಗಿ ಆಮೇಲೆ ನಮಗೆ ತಿಳಿಸಿದ.

ಸಾಹೇಬರು ಭಾರೀ ಸಭ್ಯಸ್ಥರು. ಟೋಪಿ ತೆಗೆದು ಅಜ್ಜಿಗೆ ತಲೆಬಾಗಿ, ಕೋಳಿಯ ಬಾಜೂಕೇ ನೆಲದ ಮೇಲೆ ಮೆಲ್ಲಗೆ ಕೂತುಬಿಟ್ಟರು.

ಅಜ್ಜಿ ಗದ್ದಕ್ಕೆ ಕೈ ಹಚ್ಚಿ ನೋಡಿದಳು. “ಅಯ್ಯ, ಖರೇನ ಕೂತನಲ್ಲೋ!” ಅಂದವಳು, ಕೋಳಿಯನ್ನು ತುಸು ಎತ್ತಿ ಒಂದು ಚೆಂಡು ತೆಗೆದು ಅವರ ಕೈಗಿಟ್ಟಳು.

“ತಗೋಪಾ. ಒಂದು ನಿನಗ, ಒಂದು ಕೋಳಿಗೆ. ಯಾರದು ಮೊದಲ ಮರಿ ಆಗತೈತಿ ನೋಡೋಣು!”