ಹಂಡೆಯಲ್ಲಿ ಜೀವವಿಲ್ಲವೆಂದು ದೃಢೀಕರಿಸಲಾಗಿದೆ

ಭೂಮಿಯ ಹೊರಗೆ ಜೀವವಿದೆಯೇ ಎಂಬ ಪ್ರಶ್ನೆ ಇತ್ಯರ್ಥವಾಗುವವರೆಗೆ ಚನ್ನಗಿರಿ ತಾಲೂಕು ಬೆಣಚಿಹಟ್ಟಿಯ ದುರುಗಕ್ಕ ತನ್ನ ಹಂಡೆಯನ್ನು ಮುಟ್ಟಕೂಡದೆಂದು ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಆಜ್ಞೆಯಾಯಿತು. ಆಜ್ಞೆಯನ್ನು ಹಂಡೆಗೇ ಅಂಟಿಸಲಾಯಿತು. ದುರುಗಕ್ಕನಿಗೆ ಓದಲು ಬಾರದ ಕಾರಣ ಅದನ್ನು ಆಕೆಗೆ ಗಟ್ಟಿಯಾಗಿ ಓದಿ ಹೇಳಲಾಯಿತು. ಆಕೆಗೆ ಅರ್ಥವಾಗಿದೆ ಎಂದು ಓದಿದವರೇ ಬರೆದುಕೊಂಡರು.

ದುರುಗಕ್ಕ ಕೂಲಿಗೆ ಅಡಿಕೆ ಬೇಯಿಸುವವಳು. ತೋಟವಿಲ್ಲ, ಹೊಲವಿಲ್ಲ. ಮನೆ ಪಕ್ಕ ಒಂದು ದೊಡ್ಡ ಒಲೆ, ಒಲೆಯ ಮೇಲೆ ಅತ್ತೆ ಬಿಟ್ಟುಹೋದ ತಾಮ್ರದ ಹಂಡೆ, ಹಂಡೆಯಲ್ಲಿ ಅತ್ತೆಯ ಅತ್ತೆಯ ಕಾಲದಿಂದ ಬಂದ ಚೊಗರು, ಇಷ್ಟೇ ಆಸ್ತಿ. ಚೊಗರೆಂದರೆ ಸುಲಿದ ಹಸಿ ಅಡಿಕೆ ಬೆಂದು ಬೆಂದು ಉಳಿಯುವ ಕರಿಗೆಂಪು ಬಣ್ಣದ ಒಗರು ನೀರು. ಅದನ್ನು ಯಾರೂ ಚೆಲ್ಲುವುದಿಲ್ಲ. ಹಳೆಯದಾದಷ್ಟೂ ಅದರಲ್ಲಿ ಬೆಂದ ಅಡಿಕೆಗೆ ಬಣ್ಣ ಹೆಚ್ಚು, ಹೊಳಪು ಹೆಚ್ಚು, ಮಂಡಿಯಲ್ಲಿ ಮರ್ಯಾದೆಯೂ ಹೆಚ್ಚು. ಸುಗ್ಗಿ ಮುಗಿದ ಮೇಲೂ ಅದು ಕೆಡದಿರಲೆಂದು ಅಮಾವಾಸ್ಯೆಗೊಮ್ಮೆ ಒಂದು ಕುದಿ ಬರಿಸುವುದು ಆ ಮನೆಯ ಪದ್ಧತಿ. ಹೊಸದಾಗಿ ಒಲೆ ಹೂಡುವವರು ಮೊಸರಿಗೆ ಹೆಪ್ಪು ಕೇಳಿ ತರುವಂತೆ ಒಂದು ಬಿಂದಿಗೆ ಹಳೇ ಚೊಗರನ್ನು ಈ ಹಂಡೆಯಿಂದಲೇ ಕೇಳಿ ಒಯ್ಯುತ್ತಿದ್ದರು.

ಬೆಂಗಳೂರಿನಿಂದ ಬಂದ ಡಾಕ್ಟರ್ ರುದ್ರಾಣಿ ಎಂಬ ವಿಜ್ಞಾನಿ ಈ ಹಂಡೆಯೊಳಗೆ ಒಂದು ಸೂಕ್ಷ್ಮಜೀವಿಯನ್ನು ಕಂಡುಹಿಡಿದರು. ಬೇರೆ ಯಾವ ಕ್ರಿಮಿಯೂ ತಾಳದ ಆ ಒಗರಿನಲ್ಲಿ, ಆ ಕೊತಕೊತ ಕುದಿತದಲ್ಲಿ, ಅದು ಸುಖವಾಗಿ ಸಂಸಾರ ಹೂಡಿತ್ತು. ಅಮೆರಿಕದವರ ಯಂತ್ರ ಮಂಗಳಗ್ರಹಕ್ಕಿಳಿದು ಮಣ್ಣು ಕೆದಕಿ ಆಗ ಐದಾರು ವರ್ಷವಾಗಿತ್ತು. ಅಲ್ಲಿ ಜೀವ ಸಿಕ್ಕಿತೆಂದು ಯಾರೂ ಖಾತ್ರಿಯಾಗಿ ಹೇಳಿರಲಿಲ್ಲ. ಅಡಿಕೆ ಹಂಡೆಯಲ್ಲಿ ಬದುಕುವ ಜೀವ ಬೇರೆ ಗ್ರಹದಲ್ಲೂ ಬದುಕಬಹುದಲ್ಲ ಎಂದು ರುದ್ರಾಣಿ ಬರೆದರು. ಬರೆದು ಸುಮ್ಮನಾಗದೆ, ಹಂಡೆಯನ್ನು ಈಗ ಹೇಗಿದೆಯೋ ಹಾಗೆಯೇ ಇರಲು ಬಿಡಬೇಕು ಎಂದು ಕೊನೆಗೊಂದು ವಾಕ್ಯ ಸೇರಿಸಿದರು. ಆ ವಾಕ್ಯವೊಂದು ಇಲ್ಲದಿದ್ದರೆ ಜೀವಿ ಬದುಕಿಕೊಳ್ಳುತ್ತಿತ್ತು.

ಕೂಡಲೇ ಚನ್ನಗಿರಿಯಲ್ಲಿ, ಒಂದು ಅಡಿಕೆ ಮಂಡಿಯ ಮಹಡಿಯ ಮೇಲೆ, ಅನ್ಯಗ್ರಹ ಜೀವಾನ್ವೇಷಣಾ ಕೋಶ ಸ್ಥಾಪನೆಯಾಯಿತು. ಅದರ ವಿಶೇಷಾಧಿಕಾರಿಗಳಾಗಿ ಹಾಲೇಶಪ್ಪನವರು ಬಂದರು. ಅವರು ಈ ಮೊದಲು ಇಲಿ ನಿರ್ಮೂಲನಾ ಆಂದೋಲನದಲ್ಲಿದ್ದವರು, ಆದ್ದರಿಂದ ಜೀವಿಗಳ ವಿಷಯದಲ್ಲಿ ಅನುಭವಸ್ಥರು. ಅವರು ಬೆಣಚಿಹಟ್ಟಿಗೆ ಜೀಪಿನಲ್ಲಿ ಬಂದಿಳಿದ ದಿನ ಅಮಾವಾಸ್ಯೆಯಾಗಿರಲಿಲ್ಲ. ಒಲೆ ತಣ್ಣಗಿತ್ತು. ಹಂಡೆ ಹೇಗಿದೆಯೋ ಹಾಗೆಯೇ ಇರಬೇಕು ಎಂದು ಮೇಲಿನಿಂದ ಬಂದಿತ್ತಾದ್ದರಿಂದ ತಣ್ಣಗಿರುವುದೇ ಯಥಾಸ್ಥಿತಿ ಎಂದು ಅವರು ಸ್ಥಳದಲ್ಲೇ ತೀರ್ಮಾನಿಸಿದರು. ಹಂಡೆಯ ಬಾಯಿಗೆ ಗಾಜಿನ ಮುಚ್ಚಳ ಹಾಕಿ, ಅರಗಿನ ಮುದ್ರೆ ಒತ್ತಿ, ಅದನ್ನು ಜೀಪಿನಲ್ಲಿ ಕೋಶಕ್ಕೆ ಸಾಗಿಸಿ, ಈ ಪ್ರಕಟಣೆಯನ್ನು ಊರಲ್ಲಿ ಸಾರಿಸಿದರು:

"ಸದರಿ ಹಂಡೆಯಲ್ಲಿ ವಾಸವಾಗಿರುವ ಜೀವಿಗೆ ಬಿಸಿ ತಾಗದಂತೆ ಸಾರ್ವಜನಿಕರು ನೋಡಿಕೊಳ್ಳತಕ್ಕದ್ದು. ಸಂರಕ್ಷಿತ ಜೀವಿಯ ಕೆಳಗೆ ಬೆಂಕಿ ಹಾಕುವುದು ಶಿಕ್ಷಾರ್ಹ. ಜೀವಿಯನ್ನು ನೋಡಬಯಸುವವರು ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಅನುಮತಿ ಪಡೆದೂ ಜೀವಿ ಕಾಣದಿದ್ದಲ್ಲಿ ಅದಕ್ಕೆ ಕೋಶವು ಹೊಣೆಯಲ್ಲ."

ಚನ್ನಗಿರಿಗೆ ಕೋಶ, ಜೀಪು, ಜವಾನರು ಸಿಕ್ಕಿದ್ದು ನೆರೆಯವರ ಕಣ್ಣು ಕುಕ್ಕಿತು. ಕಷ್ಟದಲ್ಲಿ ಬದುಕುವ ಜೀವಿಗೆ ಮಾತ್ರ ಕೋಶ ಸಿಗುತ್ತದೆಂದು ತಿಳಿದ ಹೊಳೆದಂಡೆಯ ಹೊನ್ನಾಳಿಯವರು ತಮ್ಮ ಕಡೆಯ ಜೀವಿಗಳಿಗೆ ಯಾವ ಕಷ್ಟವನ್ನೂ ಒದಗಿಸದೆ ಸರ್ಕಾರ ಮಲತಾಯಿ ಧೋರಣೆ ತೋರಿದೆ ಎಂದು ಮೆರವಣಿಗೆ ಮಾಡಿದರು. ನ್ಯಾಮತಿಯವರು ಹೊನ್ನಾಳಿಗೆ ಕಷ್ಟ ಮಂಜೂರಾದರೆ ಅದರಲ್ಲಿ ತಮಗೆ ಅರ್ಧ ಬರಬೇಕೆಂದರು. ಜಗಳೂರಿನಿಂದ ಬಂದ ಹಿರಿಯರು ಮಾತ್ರ ಏನನ್ನೂ ಬೇಡಲಿಲ್ಲ. ನೀರೇ ಇಲ್ಲದೆ ಬದುಕುವ ಜೀವಿಗಳು ನಾವೇ ಇದ್ದೇವೆ, ಬೇಕಾದರೆ ಪರೀಕ್ಷೆ ಮಾಡಿಕೊಳ್ಳಿ ಎಂದು ಕೋಶದ ಮೆಟ್ಟಿಲ ಮೇಲೆ ಕೂತರು. ಸೂಕ್ಷ್ಮಜೀವಿಯಾದರೆ ಕಣ್ಣಿಗೆ ಕಾಣಬಾರದು ಎಂದು ಹಾಲೇಶಪ್ಪನವರು ನಿಯಮ ವಿವರಿಸಿದರು. ಸರ್ಕಾರದ ಕಣ್ಣಿಗೆ ನಾವು ಇದುವರೆಗೂ ಕಂಡಿಲ್ಲವಲ್ಲ ಎಂದು ಹಿರಿಯರು ವಾದಿಸಿದರು. ವಾದದಲ್ಲಿ ಹುರುಳಿತ್ತು. ಆದರೆ ಜಗಳೂರು ಬೇರೆ ಜಿಲ್ಲೆಗೆ ಸೇರಿದ್ದರಿಂದ ಅಲ್ಲಿನ ಬಾಯಾರಿಕೆ ಈ ಕೋಶದ ವ್ಯಾಪ್ತಿಗೆ ಬರುವುದಿಲ್ಲವೆಂದು ಅವರನ್ನು ಬಸ್ಸು ಹತ್ತಿಸಲಾಯಿತು.

ಇಷ್ಟರಲ್ಲಿ ಕೊಯ್ಲು ಹತ್ತಿರ ಬಂತು. ದುರುಗಕ್ಕ ಚನ್ನಗಿರಿಗೆ ಹೋಗಿ ಮಹಡಿ ಹತ್ತಿ ಹಾಲೇಶಪ್ಪನವರ ಮೇಜಿನ ಮುಂದೆ ನಿಂತಳು.

"ಹಂಡೆ ಕೊಟ್ಬಿಡ್ರಿ ಸಾಹೇಬ್ರೆ," ಎಂದಳು. "ಅಡಿಕೆ ಇಳಿಯಾಕೆ ಹತ್ತೈತೆ. ಒಲೆ ಹಚ್ಚಲಿಲ್ಲ ಅಂದ್ರೆ ಅಡಿಕೆಯೋರು ಬ್ಯಾರೆ ಒಲೆಗೆ ಹೋಗ್ತಾರೆ. ಒಂದ್ಸಲ ಹೋದೋರು ಮತ್ತೆ ಬರಂಗಿಲ್ಲ."

"ಹಂಡೆ ನಿಮ್ದೇ ಕಣಮ್ಮ, ನಾವ್ ಇಲ್ಲ ಅಂದೀವಾ? ಒಳಗಿರೋ ಜೀವಿ ಮಾತ್ರ ಸರ್ಕಾರದ್ದು. ಅದು ಖಾಲಿ ಮಾಡಿದ ದಿನ ಒಯ್ಯಿರಿ."

"ಅದು ಹೆಂಗೆ ಖಾಲಿ ಮಾಡತೈತ್ರಿ?"

"ಕಣ್ಣಿಗೆ ಕಾಣೋ ಬಾಡಿಗೆದಾರರನ್ನೇ ಎಬ್ಬಿಸಾಕೆ ಆಗ್ತಿಲ್ಲ ಈ ಕಾಲದಾಗೆ. ನೋಡಾಣ."

ದುರುಗಕ್ಕ ಹೋಗಲಿಲ್ಲ. ಹಂಡೆ ಕೊಡದಿದ್ದರೂ ಬೇಡ, ಅಮಾಸೆಗೊಂದು ಕುದಿಯನ್ನಾದರೂ ಬರಿಸಲು ಬಿಡಿ, ಚೊಗರು ಕೆಡುತ್ತದೆ ಎಂದು ಅಂಗಲಾಚಿದಳು. ಹಾಲೇಶಪ್ಪನವರು ಕನ್ನಡಕ ತೆಗೆದು ಆಕೆಯನ್ನು ಕನಿಕರದಿಂದ ನೋಡಿದರು.

"ಕುದಿಸಿದ್ರೆ ಯಾವ ಜೀವ ಉಳಿಯತೈತಮ್ಮ? ಸ್ವಲ್ಪ ಕರುಣೆ ಇರಲಿ."

ಆ ವರ್ಷ ಅಡಿಕೆಯವರು ಪಕ್ಕದ ಬೀದಿಯ ಕಸ್ತೂರಮ್ಮನ ಒಲೆಗೆ ಹೋದರು. ದುರುಗಕ್ಕನೂ ಅಲ್ಲಿಗೇ ಅಡಿಕೆ ಸುಲಿಯುವ ಕೂಲಿಗೆ ಹೋದಳು. ಅವಳ ಹಂಡೆಯ ಕಾವಲಿಗೆ ಸರದಿಯ ಮೇಲೆ ಜವಾನರಿದ್ದರು. ಇದನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಆದರೆ ನನ್ನ ಮೈ ಉರಿಯುವುದು ಯಾವ ಇಲಾಖೆಯ ಕೆಳಗೂ ಬರುವುದಿಲ್ಲವಾದ್ದರಿಂದ ಮುಂದಕ್ಕೆ ಹೋಗುತ್ತೇನೆ.

ಮಳೆಗಾಲದ ಥಂಡಿಗೆ ಚೊಗರಿನ ಮೇಲೆ ಬೆಳ್ಳಗೆ ಏನೋ ಬೆಳೆಯಿತು. ಹಾಲೇಶಪ್ಪನವರು ಗಾಜಿನ ಮುಚ್ಚಳದಿಂದ ಅದನ್ನು ನೋಡಿ ಕೈ ಮುಗಿದರು. ತಮ್ಮ ಆರೈಕೆಯಲ್ಲಿ ಜೀವಿ ಬರಿಗಣ್ಣಿಗೆ ಕಾಣುವಷ್ಟು ಬೆಳೆದಿದೆ ಎಂದು ಮೇಲಕ್ಕೆ ತಂತಿ ಕೊಟ್ಟರು. ಶಾಮಿಯಾನ ಬಿತ್ತು. ಗಣ್ಯರೊಬ್ಬರು ಬಂದು ಹಂಡೆಗೆ ಹಾರ ಹಾಕಿ, ಅನ್ಯಗ್ರಹದ ಜೀವಿಗಳು ಕೂಡ ನಮ್ಮ ಜಿಲ್ಲೆಯಲ್ಲಿ ನೆಮ್ಮದಿಯಿಂದ ಬಾಳುತ್ತಿವೆ ಎಂದು ಭಾಷಣ ಮಾಡಿದರು. ಶಾಲೆಯ ಮಕ್ಕಳು ಸ್ವಾಗತ ಗೀತೆ ಹಾಡಿದರು. ಜನ ಸಾಲುಗಟ್ಟಿ ನಿಂತು ದರ್ಶನ ಪಡೆದರು. ಕಾಣಿಕೆ ಹಾಕಲು ಡಬ್ಬಿ ಇಟ್ಟಿದ್ದು ಯಾರೆಂದು ಕೊನೆಗೂ ತಿಳಿಯಲಿಲ್ಲ, ಅದರ ಬೀಗದ ಕೈ ಮಾತ್ರ ಹಾಲೇಶಪ್ಪನವರ ಹತ್ತಿರ ಇತ್ತು.

ಸುದ್ದಿ ಕೇಳಿ ಡಾಕ್ಟರ್ ರುದ್ರಾಣಿ ಓಡಿಬಂದರು. ಮುಚ್ಚಳ ತೆಗೆಸಿ, ಚೊಗರನ್ನು ತಮ್ಮ ಯಂತ್ರದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ, "ಇದು ಬೂಷ್ಟು ಹಾಲೇಶಪ್ಪನವರೇ," ಎಂದರು. "ನಿಮ್ಮ ಮನೆ ಉಪ್ಪಿನಕಾಯಿ ಮೇಲೂ ಬರುತ್ತೆ. ಆ ಜೀವಿ ಬೆಂಕಿಯಿಂದ ಬದುಕುತ್ತಿದ್ದದ್ದು. ನೀವು ಅದನ್ನ ಥಂಡಿಯಲ್ಲಿಟ್ಟು ಕೊಂದುಬಿಟ್ಟಿದ್ದೀರಿ."

ಕೋಶದ ಸಿಬ್ಬಂದಿ ಜೀಪಿನ ಕಡೆ ನೋಡಿದರು. ಜೀವಿ ಸತ್ತರೆ ಕೋಶವೂ ಸತ್ತಂತೆ. ಜೀಪು ವಾಪಸು ಹೋಗುತ್ತದೆ, ಹಾಲೇಶಪ್ಪನವರು ಇಲಿಗಳ ಹತ್ತಿರಕ್ಕೆ ಹೋಗುತ್ತಾರೆ. ಅವರ ಮುಖ ನೋಡಲಾರದೆ ರುದ್ರಾಣಿ ಒಂದು ಸಮಾಧಾನದ ಮಾತು ಹೇಳಿದರು. ಸುತ್ತಮುತ್ತಲ ಒಲೆಗಳಿಗೆಲ್ಲ ಚೊಗರು ಹೋಗಿದ್ದು ದುರುಗಕ್ಕನ ಹಂಡೆಯಿಂದಲೇ ಆದ್ದರಿಂದ ಅಲ್ಲೆಲ್ಲ ಜೀವಿ ಇನ್ನೂ ಬದುಕಿದೆ, ಗಾಬರಿ ಬೇಡ ಎಂದರು. ಒಳ್ಳೆಯ ಮನಸ್ಸಿನ ಹೆಂಗಸು. ಇಂಥವರಿಂದಲೇ ಊರುಗಳು ಹಾಳಾಗುವುದು.

ಮರುದಿನವೇ ಪ್ರಕಟಣೆ ಹೊರಟಿತು. "ಜೀವಿ ಇರುವ ಎಲ್ಲ ಹಂಡೆಗಳನ್ನು ಕೋಶವು ವಶಕ್ಕೆ ಪಡೆಯತಕ್ಕದ್ದು. ತಮ್ಮ ಹಂಡೆಯಲ್ಲಿ ಚೊಗರಾಗಲೀ ಜೀವವಾಗಲೀ ಇಲ್ಲವೆಂದು ಮಾಲೀಕರು ಬರೆದುಕೊಟ್ಟು, ಪರೀಕ್ಷೆಗಾಗಿ ಒಂದು ಚೀಲ ಉತ್ತಮ ಅಡಿಕೆಯನ್ನು ಹಾಜರುಪಡಿಸಿದಲ್ಲಿ ಸದರಿ ಹಂಡೆಯನ್ನು ಬಿಡತಕ್ಕದ್ದು."

ತ್ಯಾವಣಿಗೆಯಿಂದ, ಕತ್ತಲಗೆರೆಯಿಂದ, ಊರೂರಿಂದ ಜನ ಚೀಲ ಹೊತ್ತು ಬಂದರು. ಮಂಡಿಯ ಮೆಟ್ಟಿಲಿಂದ ಬಸ್ ನಿಲ್ದಾಣದವರೆಗೆ ಸಾಲು. ಕೈಯೆಲ್ಲ ಚೊಗರಿನ ಕರೆ ಹಿಡಿದವರು ಅದೇ ಕೈಯಿಂದ ಹೆಬ್ಬೆಟ್ಟು ಒತ್ತಿ, ತಾವು ಬರೀ ನೀರಿನಲ್ಲಿ ಅಡಿಕೆ ಬೇಯಿಸುವವರೆಂದು ಪ್ರಮಾಣ ಮಾಡಿದರು. ಹಾಲೇಶಪ್ಪನವರು ಯಾರನ್ನೂ ನೋಯಿಸಲಿಲ್ಲ. ಚೀಲಗಳನ್ನು ಪರೀಕ್ಷೆಗೆಂದು ಇಳಿಸಿಕೊಂಡರು, ಪರೀಕ್ಷೆ ಕೆಳಗಿನ ಮಂಡಿಯಲ್ಲೇ ಒಳ್ಳೆಯ ದರಕ್ಕೆ ಮುಗಿಯಿತು. ಚನ್ನಗಿರಿ ಸೀಮೆಯಲ್ಲಿ ಜೀವವಿಲ್ಲ ಎಂಬ ವರದಿ ಮೇಲಕ್ಕೆ ಹೋಯಿತು. ಅಮೆರಿಕದವರು ಮಂಗಳಗ್ರಹದವರೆಗೆ ಹೋಗಿ ಪಡೆದ ಫಲಿತಾಂಶವನ್ನೇ ಕೋಶವು ಒಂದು ಜೀಪಿನಲ್ಲಿ ಪಡೆದಿದೆ ಎಂದು ಮೇಲಿನಿಂದ ಪ್ರಶಂಸಾಪತ್ರ ಬಂತು. ಅನ್ವೇಷಣೆ ಮುಂದುವರಿಯಲಿ ಎಂದು ಕೋಶವನ್ನು ಕಾಯಂ ಮಾಡಲಾಯಿತು. ರುದ್ರಾಣಿಯವರು ಮಾತ್ರ ಇದೆಲ್ಲ ಸುಳ್ಳು ಎಂದು ಕೂಗಾಡಿದರು. ಇಷ್ಟು ಜನ ಇಲ್ಲವೆಂದು ಬರೆದುಕೊಟ್ಟಿದ್ದನ್ನು ಅವರೊಬ್ಬರು ಯಾರ ಅನುಮತಿಯಿಂದ ಕಂಡರು ಎಂದು ಕೋಶವು ವಿವರಣೆ ಕೇಳಿತು. ಅವರು ಗಾಜಿನ ನಳಿಗೆಗಳನ್ನು ಕಟ್ಟಿಕೊಂಡು ದಾವಣಗೆರೆ ಬಸ್ಸು ಹತ್ತಿದರು.

ಸಾಲಿನ ಕೊನೆಗೆ ದುರುಗಕ್ಕ ನಿಂತಿದ್ದಳು. ಅವಳ ಹತ್ತಿರ ಅಡಿಕೆ ಚೀಲವಿರಲಿಲ್ಲ. ಹಾಲೇಶಪ್ಪನವರು ಉದಾರವಾಗಿ ಅದನ್ನು ಮನ್ನಾ ಮಾಡಿ, ತನ್ನ ಹಂಡೆಯಲ್ಲಿ ಎಂದೂ ಯಾವ ಜೀವವೂ ಇರಲಿಲ್ಲವೆಂದು ಬರೆದ ಕಾಗದಕ್ಕೆ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಹಂಡೆಯನ್ನು ಜೀಪಿನಲ್ಲೇ ಮನೆಗೆ ತಲುಪಿಸಿದರು. ಸರ್ಕಾರ ಹಿಂತಿರುಗಿಸುವ ವಸ್ತು ಚೊಕ್ಕಟವಾಗಿರಬೇಕೆಂದು ಹುಣಿಸೆಹಣ್ಣು ಹಾಕಿ ಒಳಗೂ ಹೊರಗೂ ತಿಕ್ಕಿಸಿದ್ದರು. ಬಂಗಾರದ ಹಾಗೆ ಹೊಳೆಯುತ್ತಿತ್ತು.

"ಇದರಾಗಿದ್ದ ಚೊಗರು ಎಲ್ಲೈತ್ರಿ?" ಎಂದಳು ದುರುಗಕ್ಕ.

"ಚರಂಡಿಗೆ ಬಿಟ್ವಿ. ಬೂಷ್ಟು ಬಂದಿದ್ದು ಇಟ್ಕೊಂಡು ಏನ್ಮಾಡ್ತೀರಿ?"

ಅವಳು ಹಂಡೆಯೊಳಗೆ ಕೈಯಾಡಿಸಿ ನೋಡಿದಳು. ಅಂಗೈಗೆ ಏನೂ ಅಂಟಲಿಲ್ಲ. ಮೂರು ತಲೆಮಾರಿನ ಹೆಂಗಸರು ಕಾದು ಕುದಿಸಿ ಉಳಿಸಿಕೊಂಡು ಬಂದದ್ದು ಮಂಡಿಯ ಹಿಂದಿನ ಚರಂಡಿಯಲ್ಲಿ ಹರಿದುಹೋಗಿತ್ತು. ನೋಡುತ್ತಿದ್ದವರು ಹಂಡೆಗೆ ಎಷ್ಟು ಚೆಂದ ಹೊಳಪು ಬಂದಿದೆ ಎಂದು ಮೆಚ್ಚಿಕೊಂಡರು.

ಬಿಂದಿಗೆ ಹಿಡಿದು ದುರುಗಕ್ಕ ಕಸ್ತೂರಮ್ಮನ ಮನೆಗೆ ಹೋದಳು. ಒಲೆಯ ಮೇಲೆ ಚೊಗರು ಕುದಿಯುತ್ತಿತ್ತು. ಕಸ್ತೂರಮ್ಮ ಮಣೆ ಹಾಕಿ ಕೂರಿಸಿ, ಎಲೆ ಅಡಿಕೆ ಕೊಟ್ಟು, ಕೈ ಹಿಡಿದುಕೊಂಡು ಹೇಳಿದಳು:

"ನಮ್ಮ ಹಂಡ್ಯಾಗೆ ಬರೀ ನೀರೈತೆ ಅಂತ ಬರೆದು ಕೊಟ್ಟೀನಿ ಅಕ್ಕ. ನಿಂಗೆ ಚೊಗರು ಕೊಟ್ರೆ ಅದು ಸುಳ್ಳಾಗತೈತೆ, ಹಂಡೆ ಎತ್ಕಂಡ್ ಹೋಗ್ತಾರೆ. ತಪ್ಪು ತಿಳ್ಕಾಬ್ಯಾಡ."

ದುರುಗಕ್ಕ ತಪ್ಪು ತಿಳಿಯಲಿಲ್ಲ. ತಾನೂ ಬರೆದುಕೊಟ್ಟವಳೇ ತಾನೆ. ಉಳಿದ ಮನೆಗಳಲ್ಲೂ ಅದೇ ಮಾತು, ಅದೇ ಎಲೆ ಅಡಿಕೆ. ಬರೀ ನೀರಲ್ಲಿ ಬೇಯಿಸಿದ ಅಡಿಕೆ ಬಿಳಿಚಿಕೊಂಡು ಬಂತು, ತಂದವರು ಮತ್ತೆ ತರಲಿಲ್ಲ. ಕೋಶಕ್ಕೂ ಕರುಳಿದೆ. ಅವಳ ಹಂಡೆಯನ್ನು ಮಾದರಿ ಹಂಡೆಯೆಂದು ಘೋಷಿಸಿ, ಅದರಲ್ಲಿ ಯಾವ ಜೀವವೂ ಬೆಳೆಯದಂತೆ ನೋಡಿಕೊಳ್ಳಲು ಅವಳನ್ನೇ ಹಂಗಾಮಿ ಕೂಲಿಯ ಮೇಲೆ ನೇಮಿಸಿತು. ಈಗ ಆಕೆ ದಿನಾ ಬೆಳಿಗ್ಗೆ ಹಂಡೆ ತಿಕ್ಕುತ್ತಾಳೆ. ತನ್ನ ಒಲೆ ಉರಿಯುವುದು ನಿಂತಿರುವುದರಿಂದ ತಿಕ್ಕಲು ಬೂದಿಯನ್ನು ಕಸ್ತೂರಮ್ಮನ ಒಲೆಯಿಂದ ತರುತ್ತಾಳೆ. ಬೂದಿಯನ್ನು ಕಸ್ತೂರಮ್ಮ ಎಂದೂ ಇಲ್ಲವೆಂದಿಲ್ಲ.